ಎರಡು ಚಾವಿಯ ಶರಣಪ್ಪ ಕಾಕಾ

ಬಾಗಿಲಿಗೆ ಬೀಗ ಹಾಕಿ, ಅದನ್ನು ಜಗ್ಗಿ ನೋಡಿ, ಮೆಟ್ಟಿಲು ಇಳಿದು ಅರ್ಧ ದಾರಿಯಿಂದ ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗಿ, ಅಷ್ಟಕ್ಕೂ ಸಮಾಧಾನವಾಗದೆ ಎದುರು ಮನೆಯ ನನ್ನ ಬೆಲ್ ಒತ್ತುತ್ತಿದ್ದರು ಶರಣಪ್ಪ ಕಾಕಾ.

"ಕಾನ್ವೆಂಟ್ ಬಾಯಾರ, ಒಂದೀಟು ನೀವೂ ಜಗ್ಗಿ ನೋಡ್ರಿ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ."

ನಾನು ಹಿಟ್ಟಿನ ಕೈಯಲ್ಲೇ ಹೋಗಿ ಜಗ್ಗುತ್ತಿದ್ದೆ. "ಲಾಕ್ಡ್, ಕಾಕಾ. ಪರ್ಫೆಕ್ಟ್‌ಲಿ ಲಾಕ್ಡ್."

ಕೆಳಗೆ ಚೀಲ ಹಿಡಿದು ಕಾಯುತ್ತಿದ್ದ ಕಾಕೂ ಅಲ್ಲಿಂದಲೇ ಕೂಗುತ್ತಿದ್ದರು: "ಲಗ್ನದಾಗ ತಾಳಿ ಕಟ್ಟಿ ಅದನ್ನೂ ಜಗ್ಗಿ ನೋಡ್ಯಾರ್ರಿ ಇವರು! ನನ್ನ ಕುತ್ತಿಗಿ ಇನ್ನಾ ನೋಯ್ತದ!"

ಕಾಕಾ ನಗುತ್ತಿರಲಿಲ್ಲ. ತಾಳಿ ಜಗ್ಗಿ ನೋಡುವುದರಲ್ಲಿ ನಗುವಂಥದ್ದೇನಿದೆ ಎಂಬಂತೆ ನನ್ನ ಮುಖ ನೋಡಿ ಇಳಿದು ಹೋಗುತ್ತಿದ್ದರು.

ಅವರು ಬೀದರ್ ಜಿಲ್ಲೆಯ ಭಾಲ್ಕಿಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ನಾಸಿಕಕ್ಕೆ ಬಂದು, ನಮ್ಮ ಹಾಗೆಯೇ, ದ್ರಾಕ್ಷಿಯ ಊರು ಬಿಟ್ಟು ಹೋಗಲಾರದೆ ಇಲ್ಲೇ ಫ್ಲ್ಯಾಟು ತೆಗೆದುಕೊಂಡು ರಿಟೈರ್ ಆದವರು. ಸಣ್ಣ ಆಳು, ದೊಡ್ಡ ಕನ್ನಡಕ, ಇಸ್ತ್ರಿ ಮಾಡಿದ ಅಂಗಿಯ ಕೊರಳ ಗುಂಡಿಯನ್ನೂ ಹಾಕಿಕೊಂಡಿರುತ್ತಿದ್ದರು, ನಾಸಿಕದ ಮೇ ತಿಂಗಳಿನಲ್ಲಿಯೂ. ಬ್ಯಾಂಕಿನಲ್ಲಿ ಇದ್ದಷ್ಟು ಕಾಲ ತಿಜೋರಿಯ ಎರಡು ಚಾವಿಗಳಲ್ಲಿ ಒಂದು ಅವರ ಹತ್ತಿರ, ಇನ್ನೊಂದು ಮ್ಯಾನೇಜರರ ಹತ್ತಿರ. ಇಬ್ಬರೂ ಒಟ್ಟಿಗೆ ನಿಂತು ಎರಡನ್ನೂ ತಿರುವಿದರಷ್ಟೇ ಬಾಗಿಲು. ಜಾಯಿಂಟ್ ಕಸ್ಟಡಿ ಅನ್ನುತ್ತಾರಲ್ಲ, ಅದು. ಕಾಕಾ ಅದನ್ನು ಬ್ಯಾಂಕಿನಲ್ಲಿ ಬಿಟ್ಟು ಬರಲಿಲ್ಲ. ಗ್ಯಾಸಿನ ನಾಬ್ ಕಾಕೂ ಮುಚ್ಚಬೇಕು, ಕಾಕಾ ನೋಡಬೇಕು. ಗುಳಿಗೆಯ ಹೆಸರು ಒಬ್ಬರು ಓದಬೇಕು, ಒಬ್ಬರು ಕೇಳಬೇಕು.

"ಒಬ್ಬನs ಮನಶ್ಯಾನ ಹತ್ರ ಎರಡೂ ಚಾವಿ ಇದ್ರ ಅದು ತಿಜೋರಿ ಅಲ್ರಿ ಬಾಯಾರ, ಖಾಲಿ ಕಪಾಟು," ಎನ್ನುತ್ತಿದ್ದರು.

ನಾನು ಧಾರವಾಡದಲ್ಲಿ ನನ್‌ಗಳ ಕೈಯಲ್ಲಿ ಬೆಳೆದವಳು. ಹೆದರಿಕೆ ಅನ್ನುವುದು ಪಾಠ ಓದದವರಿಗೆ ಬರುವ ಕಾಯಿಲೆ ಎಂದು ನಮಗೆ ಕಲಿಸಿದ್ದರು. ಚಿನ್ ಅಪ್, ಗರ್ಲ್ಸ್! ಹಾಗಾಗಿ ನಾನು ಜೀವಮಾನವಿಡೀ ಒಳಗೆ ನಡುಗುತ್ತ, ಮೇಲೆ ಗದ್ದ ಎತ್ತಿಕೊಂಡು ಓಡಾಡಿದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಅದು ಇನ್ನೂ ಹೆಚ್ಚಾಯಿತು. ನಾಚಿಕೆಯಿಲ್ಲದೆ, ಹಗಲು ಬೆಳಕಿನಲ್ಲಿ, ನಾಲ್ಕು ಜನರ ಎದುರು "ನನಗ ಹೆದರಿಕಿ ಆಗ್ಲತ್ತದ" ಎಂದು ಹೇಳುವ ಗಂಡಸನ್ನು ನಾನು ಮೊದಲು ನೋಡಿದ್ದು ಶರಣಪ್ಪ ಕಾಕಾರಲ್ಲಿ. ನನ್ನ ಮಗಳು ಮೃದುಲಾ ಸ್ಕೂಟಿ ಕಲಿಯುವಾಗ ಕಾಲೊನಿಯ ತುಂಬ ಅವಳ ಹಿಂದೆ ಓಡಿದ್ದರು. "ಮದಲ ಬ್ರೇಕ್ ಹಿಡಿ, ಆಮ್ಯಾಲ ಚಾಲೂ ಮಾಡು!" ಅವಳಿಗೆ ನಗು ತಡೆಯಲಾರದೆ ಗಾಡಿ ಹೋಗಿ ಕಣಗಿಲೆ ಗಿಡದಲ್ಲಿ ನಿಂತಿತು. "ನೋಡಿದ್ಯಾ?" ಎಂದರು ಕಾಕಾ, ಏದುಸಿರಿನಲ್ಲಿ.

ಈ ಮೃದುಲಾಳೇ ಮುಂದೆ ನರ್ಸ್ ಆದಳು. ನಾಸಿಕದಲ್ಲಿ ಓದಿ, ಔರಂಗಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿಗೆ ಸೇರಿದಳು. ಈಗ ಛತ್ರಪತಿ ಸಂಭಾಜಿನಗರ; ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ, ಕ್ಷಮಿಸಬೇಕು. ತಿಂಗಳು ತುಂಬದ ಕೂಸುಗಳನ್ನು ಬದುಕಿಸುವ ಕೆಲಸ. ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು, ಒಬ್ಬಳೇ ಹುಡುಗಿ ನೋಡಿಕೊಳ್ಳಬೇಕಾದವು ಎಷ್ಟೋ. ರಜೆಗೆ ಬಂದಾಗ ಕಣ್ಣ ಕೆಳಗೆ ಕಪ್ಪು. "ಆಯಿ, ನಾನು ಒಂದು ಬೇಬಿ ಕಡೆ ನೋಡ್ತಾ ಇದ್ದಾಗ ಇನ್ನೊಂದಕ್ಕ ಏನರ ಆದ್ರ?" ಎಂದು ಕೇಳುತ್ತಿದ್ದಳು. ಆಸ್ಟ್ರೇಲಿಯಾದಲ್ಲಿ ನರ್ಸ್‌ಗಳು ಬೇಕಂತೆ, ಸ್ಕಿಲ್ಡ್ ವೀಸಾ ಸಿಗುತ್ತದಂತೆ, ಅಲ್ಲಿ ಒಬ್ಬರಿಗೆ ಒಂದೋ ಎರಡೋ ಕೂಸಂತೆ ಎಂದು ಅವಳು ಹೇಳಿದಾಗ ನನಗೆ ಅದು ಲಕ್ಷುರಿ ಅನ್ನಿಸಲಿಲ್ಲ. ಅವಳು ಉಸಿರಾಡಲು ಜಾಗ ಕೇಳುತ್ತಿದ್ದಾಳೆ ಅನ್ನಿಸಿತು.

ಪ್ರಶ್ನೆ ಒಂದೇ. ಅರ್ಜಿ ನಾವೇ ಹಾಕುವುದೋ, ಏಜೆಂಟರ ಕೈಗೆ ಕೊಡುವುದೋ?

ನನ್ನ ಊಟದ ಮೇಜಿನ ಮೇಲೆ ಇದು ಚರ್ಚೆಯಾಯಿತು. ಸರ್ಕಾರದ ವೆಬ್‌ಸೈಟು ಓದಿದೆ. ಎಲ್ಲಾ ಇಂಗ್ಲಿಷೇ. ಆದರೆ ಕಾನ್ವೆಂಟಿನಲ್ಲಿ ನಾವು ಕಲಿತ ಇಂಗ್ಲಿಷಿಗೂ ಅದಕ್ಕೂ ಸಂಬಂಧವಿರಲಿಲ್ಲ. ಒಂದೊಂದು ವಾಕ್ಯ ಮುಗಿಯುವ ಹೊತ್ತಿಗೆ ಅದರ ಆರಂಭ ಮರೆತುಹೋಗುತ್ತಿತ್ತು. ತಪ್ಪು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕಾರ, ಮುಂದೆ ಕೆಲವು ವರ್ಷ ಬಾಗಿಲು ಬಂದ್ ಆಗಬಹುದು ಎಂಬ ಸಾಲು ಮಾತ್ರ ಚೆನ್ನಾಗಿ ಅರ್ಥವಾಯಿತು. ಅದನ್ನು ಓದಿದ ಮೇಲೆ ನನ್ನ ಬೆರಳು ಮುಂದೆ ಹೋಗಲಿಲ್ಲ.

"ಹಾಸ್ಪಿಟಲ್‌ದಾಗ ಎಲ್ಲಾರೂ ಏಜೆಂಟ್ ಕಡೀಂದನs ಮಾಡಸ್ತಾರ, ಕಾಕಾ," ಎಂದಳು ಮೃದುಲಾ.

"ಎಲ್ಲಾರೂ ಅಂದ್ರ ಯಾರವ್ವ? ಅವರ ಹೆಸರು ಹೇಳು."

"ಆದ್ರ ನಾನೇ ತುಂಬಿ ಏನರ ಚೂಕ್ ಆದ್ರ?"

ಕಾಕಾ ಕನ್ನಡಕ ತೆಗೆದು ಒರೆಸಿದರು. ಒಂದು ಕಡೆ ಅಪರಿಚಿತ, ಇನ್ನೊಂದು ಕಡೆ ತಪ್ಪು. ಅವರಂಥವರಿಗೆ ಎರಡೂ ಹುಲಿಗಳೇ. ಕೊನೆಗೆ, "ಹೋಗಿ ನೋಡಿ ಬರಮು. ನೋಡಿದ್ರ ಯಾರೂ ತಿಂಬಂಗಿಲ್ಲ. ನಾ ಸವಾಲು ಬರ್ಕೊಂಡು ಬರ್ತೀನಿ," ಎಂದರು.

ಎಸ್‌ಟಿ ಬಸ್ಸಿನಲ್ಲಿ ಹೋದೆವು, ನಾನೂ ಕಾಕಾ ಇಬ್ಬರೇ. ನಿಫಾಡ್ ದಾಟಿದ ಮೇಲೆ ಈರುಳ್ಳಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿದ್ದಾಗ ಕಾಕಾ ತಮ್ಮ ಸವಾಲುಗಳನ್ನು ನನಗೆ ಓದಿ ಹೇಳಿದರು. ನಿಮ್ಮ ಹತ್ತಿರ ಆ ದೇಶದ ಲೈಸೆನ್ಸ್ ಇದೆಯೋ? ಕೆಲಸ ಆಗದಿದ್ದರೆ ಏನು? ಕಾಗದ ಯಾರ ಹತ್ತಿರ ಇರುತ್ತದೆ? ಭೇಷ್ ಅನ್ನುವಂಥ ಸವಾಲುಗಳು.

ಔರಂಗಾಬಾದಿನ ಬಸ್ ಸ್ಟ್ಯಾಂಡಿಗೆ ಮೃದುಲಾ ಬಂದಿದ್ದಳು. ಏಜೆಂಟರ ಆಫೀಸು ಒಂದು ಬಟ್ಟೆಯಂಗಡಿಯ ಮೇಲೆ. ಕಾಂಗರೂ ಪೋಸ್ಟರು, ತಣ್ಣನೆ ಏಸಿ, ಗಾಜಿನ ಬಾಗಿಲು. ಒಳಗೆ ಕುಳಿತಿದ್ದವನು ಮೂವತ್ತೈದರ ಆಸುಪಾಸಿನ ಚೆಲುವ. ಕಾಕಾ ಕುರ್ಚಿ ಎಳೆದುಕೊಳ್ಳುತ್ತ ನನ್ನ ಕಡೆ ಬಾಗಿ, "ಬಾಯಾರ, ಭಾಳ ಥಂಡಿ ಅದ, ಸೆರಗು ಹೊಚ್ಕೋರಿ," ಎಂದರು.

ಅವನು ಎದ್ದು ನಿಂತುಬಿಟ್ಟ.

"ಅಯ್ಯಯ್ಯ! ನಮ್ಮ ಕಡ್ಯಾವ್ರೇನ್ರಿ ನೀವು? ಯಾ ಊರ್ರಿ?"

"ಭಾಲ್ಕಿ," ಎಂದರು ಕಾಕಾ, ಅನುಮಾನದಿಂದ.

"ನಮ್ಮವ್ವನ ತವರಮನಿ ಭಾಲ್ಕಿ ಬಾಜೂಕs ಅದ್ರಿ! ಇಲ್ಲಿ ಯಾವನ ಜೋಡಿ ಮಾತಾಡಬೇಕ್ರೀ ನಾ? ಬಾಯಿ ತುಕ್ಕ ಹಿಡ್ದದ."

ಕರ್ನಾಟಕದಲ್ಲಿರುವವರಿಗೆ ಇದು ಅರ್ಥವಾಗುವುದು ಕಷ್ಟ. ಅಂಗಡಿ, ಬಸ್ಸು, ಡಾಕ್ಟರು, ನೆರೆಹೊರೆ ಎಲ್ಲ ಮರಾಠಿಯಲ್ಲಿ. ಮಕ್ಕಳು ಸಹ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತವೆ. ಗರ್ದಿಯಲ್ಲಿ ಎಲ್ಲೋ ಒಂದು "ಯಾಕ್ರೀ" ಕೇಳಿದರೆ ನಮ್ಮ ಕುತ್ತಿಗೆ ತಾನಾಗಿ ತಿರುಗುತ್ತದೆ. ಆ ಹುಡುಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಮಾತೆತ್ತಿದ, ಹುಣಸಿಕಾಯಿ ಹಿಂಡಿಯ ಮಾತೆತ್ತಿದ. ಕಾಕಾರ ಕೊರಳ ಗುಂಡಿ ಬಿಚ್ಚಿಕೊಂಡದ್ದನ್ನು ಅವತ್ತು ನಾನು ಮೊದಲ ಬಾರಿ ನೋಡಿದೆ. ಸವಾಲಿನ ಚೀಟಿ ಮಡಿಚಿದ ಹಾಗೇ ಕಿಸೆಯಲ್ಲಿ ಉಳಿಯಿತು.

ಪಾಸ್‌ಪೋರ್ಟು, ಸರ್ಟಿಫಿಕೇಟುಗಳು, ಎಲ್ಲ ಒರಿಜಿನಲ್, ಅವನ ಡ್ರಾಯರಿಗೆ ಹೋದವು. "ಈಮೇಲ್ ಐಡಿ ನಾನs ಹೊಸಾದು ಮಾಡ್ತೀನಿ ತಂಗೀ. ಪಾಸ್ವರ್ಡ್ ನನ್ನ ಹತ್ರ ಇರ್ಲಿ. ಸರ್ಕಾರಿ ಪತ್ರ ಎಲ್ಲಾ ಅಲ್ಲೇ ಬರ್ತಾವ. ನಿನಗ್ಯಾಕ ತ್ರಾಸ?"

ಮೃದುಲಾ ಕಾಕಾರ ಮುಖ ನೋಡಿದಳು. ನಾನೂ ನೋಡಿದೆ.

"ಹ್ಞೂ ಹ್ಞೂ, ನೀವs ಇಟ್ಕೋರಿ," ಎಂದರು ಎರಡು ಚಾವಿಯ ಶರಣಪ್ಪ ಕಾಕಾ. "ನಮ್ಮವರs ಇದ್ದೀರಿ."

ವಾಪಸು ಬರುವಾಗ ಬಸ್ಸಿನಲ್ಲಿ ವಚನ ಗುನುಗಿದರು. ಕಡಲೆಕಾಯಿ ಕೊಡಿಸಿದರು. ಯೇವಲಾ ಬರುವ ಹೊತ್ತಿಗೆ ಕಾಯಿ ಸುಲಿಯುತ್ತಿದ್ದ ಕೈ ನಿಂತಿತು. ಸುಲಿದ ಕಾಳು ಅಂಗೈಯಲ್ಲೇ ಇತ್ತು.

"ಬಾಯಾರ, ಪಾಸ್‌ಪೋರ್ಟಿಗಿ ರಸೀದಿ ತಗೊಂಡ್ರೇನ್ರಿ?"

"ಇಲ್ಲ ಕಾಕಾ. ನೀವು ತಗೊಂಡಿರೇನೋ ಅಂತ..."

ಅವರು ಅಂಗೈಯ ಕಾಳನ್ನು ಪೊಟ್ಟಣಕ್ಕೆ ವಾಪಸು ಸುರಿದರು. "ಎಲ್ಲಾನೂ ಕೊಟ್ಟುಬಿಟ್ಟೆವ್ರಿ," ಎಂದರು. "ಆವಾ ಒಂದು ರೊಟ್ಟಿ ಮಾತಾಡ್ದ, ನಾ ಎರಡೂ ಚಾವಿ ಕೊಟ್ಟೆ."

ನಾನು ಏನೋ ಧೈರ್ಯ ಹೇಳಿದೆ, ಗದ್ದ ಎತ್ತಿಕೊಂಡೇ. ಕಿಟಕಿಯಾಚೆ ಹೊಲಗಳು ಹಿಂದೆ ಓಡುತ್ತಿದ್ದವು.

ಕೆಲವು ವಾರಗಳ ಬಳಿಕ ಮೃದುಲಾಳ ಫೋನು. ಅವಳ ಸ್ವರ ಕೇಳಿಯೇ ನಾನು ಕುಳಿತುಕೊಂಡೆ. "ಆಯಿ, ಮಲಾ ಭೀತಿ ವಾಟತೇ." ಹೆದರಿಕೆ ಅವಳಿಗೆ ಯಾವಾಗಲೂ ಮರಾಠಿಯಲ್ಲೇ ಬರುತ್ತಿತ್ತು. ಏಜೆಂಟ ಅವಳ ಮುಂದೆ ಒಂದು ಅನುಭವ ಪತ್ರ ಇಟ್ಟಿದ್ದನಂತೆ: ಜಾಲ್ನಾದ ಯಾವುದೋ ಆಸ್ಪತ್ರೆಯಲ್ಲಿ ಅವಳು ಮೊದಲು ಕೆಲಸ ಮಾಡಿದ್ದಳು ಎಂದು. ಆ ಆಸ್ಪತ್ರೆಯ ಗೇಟನ್ನೂ ಅವಳು ನೋಡಿರಲಿಲ್ಲ. ಅವಳ ನಿಜವಾದ ಅನುಭವ ಸ್ವಲ್ಪ ಕಡಿಮೆ ಬೀಳುತ್ತದೆ, ಇದನ್ನು ಹಚ್ಚಿದರೆ ಸರಿಹೋಗುತ್ತದೆ, ಸಹಿ ಮಾಡು ಅಂದನಂತೆ. ಇವಳು ಒಲ್ಲೆ, ನನ್ನ ಪಾಸ್‌ಪೋರ್ಟ್ ಕೊಡಿ ಅಂದಾಗ, "ಫೈಲ್ ಮುಂದ ಹೋಗ್ಯದ ತಂಗೀ. ಈಗ ಹಿಂದ ಸರದ್ರ ನಿನ್ನ ಹೆಸರು ಕಪ್ಪು ಪಟ್ಟಿಗಿ ಬೀಳ್ತದ," ಅಂದನಂತೆ. ಅದೇ ಸಿಹಿ ಕನ್ನಡದಲ್ಲಿ.

ಅವನು ಅವಳ ಹೆಸರಿನಲ್ಲಿ ಸುಳ್ಳು ಅರ್ಜಿ ಕಳಿಸಿಯೇ ಬಿಟ್ಟಿದ್ದರೆ? ಈಮೇಲ್ ಅವನ ಕೈಯಲ್ಲಿ. ನಮಗೆ ತಿಳಿಯುವುದಾದರೂ ಹೇಗೆ? ಫೋನ್ ರಿಂಗಾದರೆ ಒಲೆಯ ಮೇಲಿನದನ್ನು ಬಿಟ್ಟು ಓಡುತ್ತಿದ್ದೆ. ಕಾಕಾ ಹಾಲಿನವನಿಗಿಂತ ಮೊದಲೇ ಬಂದು ನನ್ನ ಸೋಫಾದ ತುದಿಯಲ್ಲಿ ಕೂರುತ್ತಿದ್ದರು. ಕಾಕೂ ಹಿಂದೆಯೇ ಬಂದು, "ತುತ್ತು ಇಳೀಲತ್ತಿಲ್ರಿ ಇವರಿಗಿ. ಬೈದ್ರೂ ಕೇಳವಲ್ರು," ಎಂದಾಗ ಆ ದನಿಯಲ್ಲಿ ಎಂದಿನ ಕುಚೋದ್ಯವಿರಲಿಲ್ಲ.

"ಪೊಲೀಸರಿಗೆ ಹೇಳೋಣ," ಎಂದೆ.

"ಪೊಲೀಸ್ರಂದ್ರ ನನಗ ಇನ್ನಾ ಹೆದರಿಕ್ರಿ," ಎಂದರು ಕಾಕಾ. ಎದ್ದು ಕೊರಳ ಗುಂಡಿ ಸರಿಮಾಡಿಕೊಂಡು, "ನಾ ಹೋಗಿ ಕುಂದರ್ತೀನಿ," ಎಂದರು.

"ಎಲ್ಲಿ?"

"ಆವ್ನ ಆಫೀಸ್‌ದಾಗ. ಹೆದರಿಕಿ ಆಗ್ಲತ್ತದ ಅಂತ ಹೇಳ್ಕೋತ ಕುಂದರ್ತೀನಿ. ಮತ್ತೇನ ಬರ್ತದ್ರಿ ನನಗ?"

ಹೋದೆವು. ಮೃದುಲಾ ರಜೆ ಹಾಕಿ ಬಂದಳು. ಏಜೆಂಟ ಮೊದಲು ಚಹಾ ತರಿಸಿದ. ಆಮೇಲೆ ಕಪ್ಪು ಪಟ್ಟಿ, ಕಾನೂನು, ದೇಶ ಎಂದು ಬೆದರಿಸಿದ. ಆಮೇಲೆ ನಮ್ಮನ್ನು ಬಿಟ್ಟು ಬೇರೆ ಗಿರಾಕಿಗಳನ್ನು ಒಳಗೆ ಕರೆಯತೊಡಗಿದ. ಕಾಕಾ ಜಗಳವಾಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತರು. ಪಕ್ಕದಲ್ಲಿ ಒಬ್ಬ ಯುವಕ, ಅವನ ಹೆಂಡತಿ, ಮಡಿಲಲ್ಲಿ ಫೈಲು. ಕಾಕಾ ತಮ್ಮ ಒಡಕು ಮರಾಠಿಯಲ್ಲಿ ಅವರಿಗೆ ಹೇಳಿದರು: ತಮಗೆ ಭಾಳ ಹೆದರಿಕೆಯಾಗುತ್ತಿದೆ, ಪಾಸ್‌ಪೋರ್ಟ್ ಕೊಟ್ಟು ರಸೀದಿ ತೆಗೆದುಕೊಂಡಿಲ್ಲ, ನೀವು ತೆಗೆದುಕೊಂಡಿದ್ದೀರಾ?

ಯುವಕ ಹೆಂಡತಿಯ ಮುಖ ನೋಡಿದ. "ನಾಹೀ, ಕಾಕಾ," ಎಂದ.

"ನಿಮಗೆ ಹೆದರಿಕೆ ಆಗುವುದಿಲ್ಲವೇ?"

ಆಗುತ್ತಿರಲಿಲ್ಲ, ಈಗ ಆಗತೊಡಗಿತು. ಆಮೇಲೆ ಇನ್ನೊಬ್ಬ ಹುಡುಗಿ ಬಂದಳು, ಅವಳ ತಂದೆ ಬಂದರು. ಕಾಕಾ ಎಲ್ಲರಿಗೂ ಅದನ್ನೇ ಹೇಳಿದರು. ಆರೋಪವಿಲ್ಲ, ಬೈಗುಳವಿಲ್ಲ. ತಮ್ಮ ಕೈ ಹೇಗೆ ನಡುಗುತ್ತಿದೆ ನೋಡಿ ಎಂದು ಕೈ ಚಾಚಿ ತೋರಿಸುತ್ತಿದ್ದರು, ಅಷ್ಟೇ. ಆ ತಂದೆ ಎದ್ದು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ ರಸೀದಿ ಕೇಳಿದರು.

ಏಜೆಂಟ ಹೊರಗೆ ಬಂದ. ಮೃದುಲಾಳ ಫೈಲು, ಪಾಸ್‌ಪೋರ್ಟ್ ಸಹಿತ, ಕೈಯಲ್ಲಿತ್ತು. "ತಗೋರಿ ಅಜ್ಜಾ, ತಗೊಂಡು ನಡೀರಿ. ನನ್ನ ಧಂದಾ ಹಾಳ ಮಾಡಬ್ಯಾಡ್ರಿ."

"ಪಾಸ್ವರ್ಡು?" ಎಂದರು ಕಾಕಾ, ಕೂತಲ್ಲಿಂದಲೇ.

ಅವನ ಕಂಪ್ಯೂಟರಿನಲ್ಲಿ ಮೃದುಲಾ ಅಲ್ಲೇ ಪಾಸ್ವರ್ಡ್ ಬದಲಿಸಿದಳು. ಅರ್ಜಿ ಅರ್ಧ ತುಂಬಿತ್ತು, ಜಾಲ್ನಾ ಸಹಿತ. ಕಳಿಸಿರಲಿಲ್ಲ. ಥ್ಯಾಂಕ್ ಗಾಡ್, ಎಂದೆ. ನಾವು ಮೆಟ್ಟಿಲು ಇಳಿಯುವಾಗ ಅವನು ಮೇಲಿನಿಂದ ಹೇಳಿದ: "ಸ್ವಂತ ಹಾಕಿ ರಿಜೆಕ್ಟ್ ಆದ್ರ ಮತ್ತ ಬರಬ್ಯಾಡ್ರಿ. ಹೆಸರಿಗಿ ಒಮ್ಮಿ ಕಲೆ ಬಿದ್ರ ಜಲ್ಮಕ್ಕ ಹೋಗಂಗಿಲ್ಲ."

ಬಟ್ಟೆಯಂಗಡಿಯ ಕಟ್ಟೆಯ ಮೇಲೆ ಕಾಕಾ ಕುಸಿದು ಕುಳಿತರು. ಅಂಗಿ ಬೆನ್ನಿಗೆ ಅಂಟಿತ್ತು. "ಒಂದು ಚಾ ತರ್ರಿ. ಸಕ್ರಿ ಜಾಸ್ತಿ," ಎಂದರು.

ಏಜೆಂಟನ ಆ ಕೊನೆಯ ಮಾತು ಮಾತ್ರ ನಮ್ಮ ಜೊತೆಗೇ ನಾಸಿಕಕ್ಕೆ ಬಂತು. ಅನುಭವ ನಿಜವಾಗಿ ಪೂರ್ತಿಯಾಗುವ ತನಕ ಕಾಯುವುದು, ಆಮೇಲೆ ನಾವೇ ಹಾಕುವುದು ಎಂದು ನಿರ್ಧಾರವಾಯಿತು. ಕಾಯುವುದೇನು ಸಣ್ಣ ಕೆಲಸವೇ? ನಿಯಮ ಬದಲಾದರೆ? ನರ್ಸ್‌ಗಳೇ ಸಾಕು ಅಂದುಬಿಟ್ಟರೆ? ಅಷ್ಟರಲ್ಲಿ ಅವಳ ವಾರ್ಡಿನದೇ ಒಬ್ಬ ಹುಡುಗಿ, ಇನ್ನಾವುದೋ ಏಜೆಂಟರ ಮೂಲಕ, ಹೋಗಿಯೇ ಬಿಟ್ಟಳು. ಸಮುದ್ರದ ಮುಂದೆ ನಿಂತ ಫೋಟೋ ಬಂತು. ಮೃದುಲಾ ಅದನ್ನು ನನಗೆ ತೋರಿಸಿ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

ಕಾಕಾರಿಗೆ ಯಾರು ಹೇಳಿದರೋ. "ಬಾಯಾರ, ಆ ಹುಡುಗಿ ಹೋದಳಂತ. ನಮ್ಮ ಹುಡುಗೀಗಿ ನಾನs ಹೆದರ್ಸಿ ಕುಂಡ್ರಿಸಿಬಿಟ್ಟೆನೇನ್ರಿ?" ನಾನು ಇನ್ನೊಂದು ಕಪ್ ಚಹಾ ಬಗ್ಗಿಸಿದೆ.

ಕೊನೆಗೆ ಅರ್ಜಿ ಹಾಕಿದ್ದು ಅದೇ ಊಟದ ಮೇಜಿನ ಮೇಲೆ. ಇಂಗ್ಲಿಷ್ ಪರೀಕ್ಷೆ, ನರ್ಸಿಂಗ್ ಅರ್ಹತೆಯ ತಪಾಸಣೆ, ಎಲ್ಲ ಅವಳೇ ಮುಗಿಸಿದ್ದಳು. ಅವಳು ಟೈಪ್ ಮಾಡಿದ್ದನ್ನು ನಾನು ಗಟ್ಟಿಯಾಗಿ ಓದಬೇಕು, ನಾನು ಓದಿದ್ದನ್ನು ಕಾಕಾ ಕಾಗದದೊಂದಿಗೆ ತಾಳೆ ನೋಡಬೇಕು. ಒಂದು ಜನ್ಮದಿನಾಂಕಕ್ಕೆ ಅರ್ಧ ಮುಂಜಾನೆ ಹೋಯಿತು. "ಇಷ್ಟರಾಗ ಒಂದು ಕೂಸು ಹುಟ್ಟಿ ನಡದಾಡ್ತಿತ್ತು," ಎಂದರು ಕಾಕೂ, ಉಪ್ಪಿಟ್ಟು ಇಡುತ್ತ. ಕಳಿಸುವ ಗುಂಡಿಯನ್ನು ಮಾತ್ರ ಒತ್ತುವವರು ಯಾರೂ ಇರಲಿಲ್ಲ. ಮೂವರೂ ಅದನ್ನೇ ನೋಡುತ್ತ ಕುಳಿತೆವು. ಮೃದುಲಾ ಕಣ್ಣು ಮುಚ್ಚಿ ಒತ್ತಿದಳು. "ಕಣ್ಣ ತೆರದು ಒತ್ತಬೇಕಾಗಿತ್ತವ್ವ," ಎಂದರು ಕಾಕಾ, ಅಳುವವರಂತೆ.

ಉತ್ತರ ಬಂದ ದಿನ ಅವಳು ರಜೆಯಲ್ಲಿ ಮನೆಯಲ್ಲಿದ್ದಳು. ಕಾಕಾ ಕೆಳಗೆ ಕಂಪೌಂಡಿನಲ್ಲಿ ಅಡ್ಡಾಡುತ್ತಿದ್ದರು. ನಾನು ಬಾಲ್ಕನಿಗೆ ಓಡಿ "ಕಾಕಾ!" ಎಂದು ಕೂಗಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದವರೇ ಎರಡೂ ಕೈ ಮೇಲೆತ್ತಿದರು.

"ಬ್ಯಾಡ್ರಿ! ಮ್ಯಾಲಿಂದ ಹೇಳಬ್ಯಾಡ್ರಿ! ನಾ ಮದಲ ಕುಂದರ್ತೀನಿ!"

ವಾಚ್‌ಮನ್ನನ ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡರು. "ಗ್ರಾಂಟೆಡ್, ಕಾಕಾ! ವೀಸಾ ಗ್ರಾಂಟೆಡ್!" ಎಂದು ನಾನು ಕಿರುಚಿದೆ, ಮದರ್ ಸುಪೀರಿಯರ್ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕಾಕಾ ಕಣ್ಣು ತೆರೆಯಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಕೆಳಗಿನಿಂದಲೇ ಕೇಳಿದರು:

"ಹೆಸರಿನ ಸ್ಪೆಲಿಂಗ್ ನೋಡಿದ್ರೇನು?"

ಅವಳು ಹೊರಡುವ ಹೊತ್ತಿಗೆ ಕಾಕಾರ ಎದೆ ಸೋತಿತ್ತು. ಡಾಕ್ಟರು ಮೆಟ್ಟಿಲು ಬೇಡವೆಂದಿದ್ದರು. ಅವಳು ಅಲ್ಲಿ ಮುಟ್ಟಿದ ಕೆಲವು ತಿಂಗಳಿಗೆ ಅವರು ಹೋದರು. ಕಾಕೂ ಈಗ ತಂಗಿಯ ಜೊತೆ ಹುಮನಾಬಾದಿನಲ್ಲಿದ್ದಾರೆ, ಎದುರು ಫ್ಲ್ಯಾಟಿನಲ್ಲಿ ಧುಳೆಯ ಕಡೆಯ ಒಂದು ಹೊಸ ಜೋಡಿ ಇದೆ. ಮೃದುಲಾ ಕಾಕಾರನ್ನು ಕೊನೆಯ ಸಲ ನೋಡಿದ್ದು ಹೊರಡುವ ದಿನದ ಬೆಳಿಗ್ಗೆ. ಟ್ಯಾಕ್ಸಿ ಕೆಳಗೆ ನಿಂತಿತ್ತು. ಅವರು ದಿಂಬಿಗೆ ಒರಗಿ ಕುಳಿತಿದ್ದರು, ಕೊರಳ ಗುಂಡಿ ಹಾಕಿಕೊಂಡು.

ಕಾಲು ಮುಟ್ಟಿದವಳು ಎದ್ದು ಹೊರಡಲಿಲ್ಲ. ಮಂಚದ ಅಂಚಿನಲ್ಲೇ ಕೂತುಬಿಟ್ಟಳು. ತನ್ನ ಅರೆಬರೆ ಕನ್ನಡದಲ್ಲಿ, "ಕಾಕಾ, ನನಗ ಭಾಳ ಹೆದರಿಕಿ ಆಗ್ತದ. ಒಬ್ಬಾಕಿನೇ ಹೆಂಗ ಇರ್ಲಿ? ಹೋಗೂದ ಬ್ಯಾಡಾ?" ಎಂದಳು.

ಇಷ್ಟೆಲ್ಲ ಆದ ಮೇಲೆ, ಈ ಜಗತ್ತಿನಲ್ಲಿ ಕೇಳಬಾರದ ಒಬ್ಬರನ್ನೇ ಹಿಡಿದು ಕೇಳುತ್ತಿದ್ದಳು. ಅವರು ಬ್ಯಾಡ ಎಂದಿದ್ದರೆ ಅವಳು ಸೂಟ್‌ಕೇಸ್ ಮೇಲೆ ತರಿಸುತ್ತಿದ್ದಳು, ಖಂಡಿತ. ಕಾಕೂ ಬಾಗಿಲಲ್ಲಿ ನಿಂತು ಬಿಟ್ಟಿದ್ದರು.

ಕಾಕಾ ಅವಳ ಕೈ ಹಿಡಿದುಕೊಂಡರು.

"ಹೋಗವ್ವ," ಎಂದರು. "ಹೆದರ್ಕೋತs ಹೋಗು."